ದೊಡ್ಡ ಕೊಯ್ತಾದಿಂದ ಕಿರುಗತ್ತಿ: ಅಳತೆ, ಹದ ಮತ್ತು ಹಿಡಿ

ಬೀದರ ಜಿಲ್ಲೆಯಲ್ಲಿ ಕಬ್ಬು ಬೆಳೆಯುವ ಮನೆಯಲ್ಲಿ ಕೊಯ್ತಾ ಇಲ್ಲವೆನ್ನುವಂತಿಲ್ಲ. ಭಾಲ್ಕಿ ತಾಲ್ಲೂಕಿನ ಕಾರಂಜಾ ನೀರಿನ ಹಳ್ಳಿಗಳಿರಲಿ, ಬೀದರ ನಗರದ ಸುತ್ತಲಿನ ಬಾವಿ ನೀರಿನ ತೋಟಗಳಿರಲಿ, ಪಡಸಾಲೆಯ ಗೂಟಕ್ಕೆ ಒಂದು ಕೊಯ್ತಾ ತೂಗುತ್ತಿರುತ್ತದೆ. ಕಬ್ಬು ಕಡಿಯಲೆಂದು ಮಾಡಿಸಿದ ಈ ಆಯುಧವೇ ಬರಬರುತ್ತ ಎಲ್ಲ ಕೆಲಸಕ್ಕೂ ಒದಗುತ್ತದೆ. ಬೀಜದ ಕಬ್ಬು ತುಂಡು ಮಾಡುವುದಕ್ಕೆ ಅದೇ, ದನಗಳಿಗೆ ಕಣಿಕೆ ಕೊಚ್ಚುವುದಕ್ಕೆ ಅದೇ, ತೊಗರಿ ಕಟಾವಿಗೆ ಅದೇ, ಮಾವಿನ ಒಣ ಟೊಂಗೆ ಸವರುವುದಕ್ಕೂ ಅದೇ. ಮನೆಯ ಗಂಡಸು ಬಳಸುವ ಕೊಯ್ತಾವನ್ನೇ ಹೆಂಗಸರೂ ಹದಿನಾರು ಹದಿನೇಳರ ಹುಡುಗರೂ ಬಳಸುತ್ತಾರೆ.

ಇದರ ಪರಿಣಾಮವನ್ನು ನೋಡಬೇಕಾದರೆ ಕಬ್ಬು ನಾಟಿಯ ಹಂಗಾಮಿನಲ್ಲಿ ಹಳ್ಳಿಗೆ ಹೋಗಬೇಕು. ಎಡಗೈಯ ಹೆಬ್ಬೆರಳಿಗೋ ತೋರುಬೆರಳಿಗೋ ಬಟ್ಟೆ ಸುತ್ತಿಕೊಂಡವರು ಒಬ್ಬಿಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಬಲಗೈಯ ಮಣಿಕಟ್ಟು ಬಾತು, ರಾತ್ರಿ ಎಣ್ಣೆ ತಿಕ್ಕಿಸಿಕೊಳ್ಳುವವರು ಇನ್ನೂ ಹೆಚ್ಚು. ನಾಟಿಗೆ ಬಿದ್ದ ತುಂಡುಗಳನ್ನು ಎತ್ತಿ ನೋಡಿದರೆ ಹಲವುಗಳ ತುದಿ ಸೀಳಿರುತ್ತದೆ, ಕೆಲವುಗಳ ಕಣ್ಣೇ ಜಜ್ಜಿ ಹೋಗಿರುತ್ತದೆ. ಕೈಗೂ ಪೆಟ್ಟು, ಬೀಜಕ್ಕೂ ಪೆಟ್ಟು. ತಪ್ಪು ಕೆಲಸ ಮಾಡುವವರದ್ದಲ್ಲ. ಸಣ್ಣ ಕೆಲಸಕ್ಕೆ ದೊಡ್ಡ ಆಯುಧ ಹಿಡಿದದ್ದರದ್ದು.

ರೈತರಿಗೆ ಇದು ಗೊತ್ತಿಲ್ಲವೆಂದಲ್ಲ. "ಇದೇ ಕೊಯ್ತಾದ ಸಣ್ಣದೊಂದು ಮಾಡಿಕೊಡು" ಎಂದು ಕಂಬಾರನ ಹತ್ತಿರ ಹೋಗುವವರೂ ಇದ್ದಾರೆ. ಕಂಬಾರನು ಸವೆದ ಹಳೆಯ ಕೊಯ್ತಾದ ಮುಂಭಾಗವನ್ನು ಕಡಿದು, ಅಗಲವನ್ನೂ ಸ್ವಲ್ಪ ಕಿತ್ತು, ಹಿಡಿಯನ್ನೂ ಗಿಡ್ಡ ಮಾಡಿ ಕೊಡುತ್ತಾನೆ. ನೋಡಲು ಮುದ್ದಾಗಿಯೇ ಇರುತ್ತದೆ. ಆದರೆ ಎರಡು ದಿನ ಬಳಸಿದ ಮೇಲೆ ಅದು ಮೂಲೆ ಸೇರುತ್ತದೆ, ಗೂಟದ ಮೇಲಿನ ದೊಡ್ಡ ಕೊಯ್ತಾ ಮತ್ತೆ ಕೆಳಗೆ ಇಳಿಯುತ್ತದೆ. ಹೀಗೇಕೆ ಆಗುತ್ತದೆ, ಹಾಗಾಗದಂತೆ ಮಾಡಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಅರ್ಧಕ್ಕೆ ಇಳಿಸಿದರೆ ಎಂಟರಲ್ಲೊಂದು ಪಾಲು

ಮೊದಲು ಒಂದು ಸಣ್ಣ ಲೆಕ್ಕ. 30 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ, 5 ಮಿ.ಮೀ. ದಪ್ಪದ ಒಂದು ಉಕ್ಕಿನ ಪಟ್ಟಿಯನ್ನು ತೆಗೆದುಕೊಳ್ಳೋಣ. ಅದರ ಗಾತ್ರ 90 ಘನ ಸೆಂ.ಮೀ. ಒಂದು ಘನ ಸೆಂ.ಮೀ. ಉಕ್ಕು ಸುಮಾರು 7.85 ಗ್ರಾಂ ತೂಗುತ್ತದೆ. ಆದುದರಿಂದ ಪಟ್ಟಿಯ ತೂಕ ಸುಮಾರು 700 ಗ್ರಾಂ. ಈಗ ಉದ್ದ, ಅಗಲ, ದಪ್ಪ ಮೂರನ್ನೂ ಅರ್ಧ ಮಾಡಿ: 15 ಸೆಂ.ಮೀ., 3 ಸೆಂ.ಮೀ., 2.5 ಮಿ.ಮೀ. ತೂಕ ಅರ್ಧವಾಗಿ 350 ಗ್ರಾಂ ಆಗುತ್ತದೆಂದು ಎಣಿಸಿದರೆ ತಪ್ಪು. ಅದು ಬರೀ 88 ಗ್ರಾಂ, ಎಂದರೆ ಎಂಟನೆಯ ಒಂದು ಪಾಲು.

ಕೊಯ್ತಾ ಕಬ್ಬನ್ನು ಕಡಿಯುವುದು ತನ್ನ ತೂಕದಿಂದ ಮತ್ತು ಬೀಸಿನಿಂದ. ಮೇಲಿನಿಂದ ಬಂದ ಭಾರ ಒಮ್ಮೆಗೇ ಒಂದು ಗೆರೆಯ ಮೇಲೆ ಬೀಳುತ್ತದೆ, ಕಬ್ಬು ತುಂಡಾಗುತ್ತದೆ. ಎಂಟರಲ್ಲೊಂದು ಪಾಲು ತೂಕದ, ಗಿಡ್ಡನೆಯ ಕತ್ತಿಗೆ ಈ ಭಾರವೂ ಇಲ್ಲ, ಬೀಸೂ ಇಲ್ಲ. ಅದನ್ನು ಎಷ್ಟೇ ಜೋರಾಗಿ ಬೀಸಿದರೂ ಅದು ಕೊಯ್ತಾದ ಕೆಲಸ ಮಾಡಲಾರದು. ಮಾಡಿಸಲು ಹೋದವರಿಗೆ ರಟ್ಟೆ ನೋವು ಮಾತ್ರ ಉಳಿಯುತ್ತದೆ. ಚಿಕ್ಕ ಕತ್ತಿ ಕಡಿಯುವುದಕ್ಕಲ್ಲ, ಕೊಯ್ಯುವುದಕ್ಕೆ. ಒತ್ತಿ ತನ್ನ ಕಡೆಗೆ ಎಳೆದಾಗ ಅದು ಹಾಯಬೇಕು. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಮುಂದಿನ ಎಲ್ಲ ಅಳತೆಗಳೂ ತಾವಾಗಿ ಅರ್ಥವಾಗುತ್ತವೆ.

ಕಡಿದು ಗಿಡ್ಡ ಮಾಡಿದ ಕೊಯ್ತಾ ಏಕೆ ಮೂಲೆ ಸೇರುತ್ತದೆಂಬುದೂ ಇದರಿಂದಲೇ ತಿಳಿಯುತ್ತದೆ. 6 ಸೆಂ.ಮೀ. ಅಗಲದ ಅಲಗಿಗೆ ಬೆನ್ನಿನಲ್ಲಿ 5 ಮಿ.ಮೀ. ದಪ್ಪವಿದ್ದರೆ ಅಗಲವು ದಪ್ಪದ 12 ಪಟ್ಟು. ಅಗಲವನ್ನು 3 ಸೆಂ.ಮೀ.ಗೆ ಇಳಿಸಿ ಬೆನ್ನನ್ನು ಹಾಗೆಯೇ ಬಿಟ್ಟರೆ ಅದು 6 ಪಟ್ಟು ಮಾತ್ರ. ಅಂದರೆ ಅಲಗು ಮೊದಲಿನದಕ್ಕಿಂತ ಎರಡರಷ್ಟು ದಪ್ಪನೆಯ ಬೆಣೆಯಾಯಿತು. ಕಟ್ಟಿಗೆ ಸೀಳಲು ಬೆಣೆ ಬೇಕು. ಕಬ್ಬಿನ ತುಂಡನ್ನು ಸೀಳದೆ ಕತ್ತರಿಸಲು ಬೆಣೆ ಬೇಡ. ಹೀಗೆ ತೂಕ ಕಳೆದುಕೊಂಡು, ಬೆಣೆಯಂತೆ ಮೊಂಡಾದ ಕತ್ತಿಯಿಂದ ಕಡಿಯಲೂ ಆಗದು, ಕೊಯ್ಯಲೂ ಆಗದು.

ಆದುದರಿಂದ ಚಿಕ್ಕದು ಮಾಡಿಸುವಾಗ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಇಳಿಸಬಾರದು. ಉದ್ದವನ್ನು ಅರ್ಧದಷ್ಟಕ್ಕೆ ಇಳಿಸಿ, ಅಗಲವನ್ನು ಮೂರನೆಯ ಒಂದು ಪಾಲು ಮಾತ್ರ ಕಡಿಮೆ ಮಾಡಿ, ದಪ್ಪವನ್ನು ಚೆನ್ನಾಗಿ ಬಡಿದು ತೆಳ್ಳಗೆ ಮಾಡಬೇಕು. ಹಿಡಿಯನ್ನು ಮಾತ್ರ ಇಳಿಸಲೇಬಾರದು. ಏಕೆಂದರೆ ಕತ್ತಿ ಚಿಕ್ಕದಾಯಿತೆಂದು ಅದನ್ನು ಹಿಡಿಯುವ ಕೈ ಚಿಕ್ಕದಾಗುವುದಿಲ್ಲ.

ಬೀಜದ ಕಬ್ಬಿಗೆ ಒಪ್ಪುವ ಕಿರುಗತ್ತಿಗೆ ನಾನು ಸೂಚಿಸುವ ಅಳತೆ ಹೀಗಿದೆ. ಅಲಗಿನ ಉದ್ದ 16 ರಿಂದ 18 ಸೆಂ.ಮೀ., ಅಗಲ 4 ಸೆಂ.ಮೀ., ಹಿಡಿಯ ಬುಡದಲ್ಲಿ ಬೆನ್ನಿನ ದಪ್ಪ 3 ಮಿ.ಮೀ., ಮೂತಿಯ ಕಡೆ 2 ಮಿ.ಮೀ. ಬಾಯಿ ನೇರವಾಗಿರಬೇಕು ಅಥವಾ ಹೊರಕ್ಕೆ ಬಹಳ ಸ್ವಲ್ಪ ಉಬ್ಬಿರಬೇಕು. ಕೊಯ್ತಾದ ಮೂತಿಯಲ್ಲಿರುವ ಕೊಕ್ಕಿನಂತಹ ಬಾಗು ಇಲ್ಲಿ ಬೇಕಿಲ್ಲ. ಅದು ಹಲಗೆಗೆ ತಾಗಿ ಕೊಯ್ತವನ್ನು ಕೆಡಿಸುತ್ತದೆ. ಹಿಡಿ ಸೇರಿ ಒಟ್ಟು ತೂಕ 200 ಗ್ರಾಂ ಆಸುಪಾಸು ಬಂದರೆ ಸರಿ. ಬಾಯಿಯ ಕೋನ 20 ರಿಂದ 25 ಡಿಗ್ರಿ ಇರಲಿ. ಕೋನ ಅಳೆಯಲು ಉಪಕರಣ ಬೇಡ. ಒಂದು ಪೋಸ್ಟ್‌ಕಾರ್ಡಿನ ಚೌಕ ಮೂಲೆಯನ್ನು ಒಮ್ಮೆ ಮಡಚಿದರೆ 45 ಡಿಗ್ರಿ, ಮತ್ತೊಮ್ಮೆ ಮಡಚಿದರೆ 22.5 ಡಿಗ್ರಿ. ಈ ಮಡಿಕೆಯನ್ನು ಕಂಬಾರನ ಕೈಗೆ ಕೊಟ್ಟು ಬಾಯಿ ಇಷ್ಟೇ ದಪ್ಪ ಇರಲಿ ಎಂದರೆ ಸಾಕು. ದೊಡ್ಡ ಕೊಯ್ತಾಕ್ಕೆ ಇಷ್ಟು ತೆಳುವಾದ ಬಾಯಿ ಕೊಟ್ಟರೆ ಮೊದಲ ಗಣಿಕೆಗೇ ಹಲ್ಲು ಬೀಳುತ್ತದೆ. ಅದಕ್ಕೆ 30 ರಿಂದ 35 ಡಿಗ್ರಿ ಬೇಕು.

ಬೀದರಿನಲ್ಲಿ ಬಿದರಿ ಕೆಲಸಗಾರರ ಅಂಗಡಿಗೆ ಹೋದರೆ ಇದೇ ಮಾತನ್ನು ಬೇರೊಂದು ರೀತಿಯಲ್ಲಿ ಕಾಣಬಹುದು. ಸತು ತಾಮ್ರಗಳ ಮಿಶ್ರಲೋಹದ ಮೇಲೆ ಬಳ್ಳಿಯನ್ನೂ ಹೂವನ್ನೂ ಕೊರೆಯುವ ಅವರ ಉಳಿಗಳಿಗೆ ಒಂದೊಂದು ಗೆರೆಗೆ ಒಂದೊಂದು ಮೊನೆ. ದೊಡ್ಡ ಉಳಿಯನ್ನು ತೇದು ಚಿಕ್ಕ ಉಳಿ ಎಂದು ಅವರು ಬಳಸುವುದಿಲ್ಲ. ಕೆಲಸ ನೋಡಿ ಮೊನೆ, ಬೆರಳು ನೋಡಿ ಹಿಡಿತ. ಹೊಲದ ಆಯುಧಕ್ಕೆ ಮಾತ್ರ ನಾವು ಇಷ್ಟು ಯೋಚಿಸುವುದಿಲ್ಲ.

ಯಾವ ಉಕ್ಕು?

ಕಿರುಗತ್ತಿಗೆ ಹೊಸ ಉಕ್ಕು ಕೊಳ್ಳುವ ಅಗತ್ಯ ಬಹಳ ಮಟ್ಟಿಗೆ ಇಲ್ಲ. ಬಾಯಿ ಸವೆದು ಬಿಸಾಡಿದ ಹಳೆಯ ಕೊಯ್ತಾದ ಬೆನ್ನಿನಲ್ಲಿ ಬೇಕಾದಷ್ಟು ಸರಕು ಉಳಿದಿರುತ್ತದೆ. ಒಂದು ದೊಡ್ಡ ಕೊಯ್ತಾದಿಂದ ಇಂತಹ ಎರಡು ಅಲಗುಗಳು ಸಲೀಸಾಗಿ ಬರುತ್ತವೆ. ಎರಡು ಏಕೆ ಬೇಕೆಂಬುದನ್ನು ಮುಂದೆ ಹೇಳುತ್ತೇನೆ.

ಆದರೆ ಎಲ್ಲ ಕೊಯ್ತಾಗಳೂ ಪೂರ್ತಿ ಉಕ್ಕಿನವಲ್ಲ. ಕೆಲವುಗಳಲ್ಲಿ ಮೆದು ಕಬ್ಬಿಣದ ಬೆನ್ನಿಗೆ ಉಕ್ಕಿನ ಬಾಯಿಯನ್ನು ಬೆಸೆದಿರುತ್ತಾರೆ. ಇಂತಹುದರ ಬೆನ್ನಿನಿಂದ ಕತ್ತಿ ಮಾಡಿದರೆ ಎಷ್ಟು ಕಾಯಿಸಿ ಅದ್ದಿದರೂ ಅದು ಗಟ್ಟಿಯಾಗುವುದಿಲ್ಲ, ಏಕೆಂದರೆ ಅದರಲ್ಲಿ ಇಂಗಾಲದ ಅಂಶ ಬಹಳ ಕಡಿಮೆ. ಇದನ್ನು ತಿಳಿಯಲು ಸಾಣೆಯಂತ್ರದ ಕಿಡಿಯೇ ಸಾಕ್ಷಿ. ಮೆದು ಕಬ್ಬಿಣವನ್ನು ತಾಗಿಸಿದರೆ ಕಿಡಿಗಳು ಉದ್ದವಾಗಿ, ಕವಲೊಡೆಯದೆ, ಗೆರೆಗಳಂತೆ ಹಾರುತ್ತವೆ. ಉಕ್ಕನ್ನು ತಾಗಿಸಿದರೆ ಕಿಡಿಗಳ ತುದಿಯಲ್ಲಿ ಸುರುಸುರುಬತ್ತಿಯ ಹಾಗೆ ಹೂವು ಒಡೆಯುತ್ತದೆ. ಬೆನ್ನನ್ನೊಮ್ಮೆ, ಬಾಯನ್ನೊಮ್ಮೆ ತಾಗಿಸಿ ನೋಡಬೇಕು.

ಹಳೆಯ ಕೊಯ್ತಾ ಸಿಗದಿದ್ದರೆ ವಾಹನಗಳ ಕಮಾನುಪಟ್ಟಿ, ಅಂದರೆ ಪಾಟಾ, ಒಳ್ಳೆಯ ಸರಕು. ಅದರಲ್ಲಿ ಸಾಮಾನ್ಯವಾಗಿ ಶೇಕಡಾ 0.5 ರಿಂದ 0.6 ರಷ್ಟು ಇಂಗಾಲವಿರುತ್ತದೆ. ಲಾರಿಯ ಪಾಟಾ ಬಹಳ ದಪ್ಪ. ಅದನ್ನು 3 ಮಿ.ಮೀ.ಗೆ ತರುವುದೆಂದರೆ ಕಂಬಾರನ ಅರ್ಧ ದಿನ ಹೋಯಿತು. ಜೀಪು, ಟೆಂಪೋಗಳ ತೆಳುವಾದ ಪಟ್ಟಿ ಇದ್ದರೆ ಒಳ್ಳೆಯದು. ಮುರಿದ ಪಾಟಾದಲ್ಲಿ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ. ಮುರಿದ ಜಾಗದ ಪಕ್ಕದ ತುಂಡನ್ನು ಬಿಟ್ಟು ದೂರದ ತುಂಡನ್ನು ಆರಿಸಬೇಕು. ಹಳೆಯ ಅರಗಳಿಂದಲೂ ಕತ್ತಿ ಮಾಡುವವರಿದ್ದಾರೆ. ಅರದ ಉಕ್ಕಿನಲ್ಲಿ ಇಂಗಾಲ ಶೇಕಡಾ 1ಕ್ಕಿಂತ ಹೆಚ್ಚಿದ್ದು ಬಾಯಿ ಬಹಳ ಹರಿತವಾಗಿ ನಿಲ್ಲುತ್ತದೆ. ಆದರೆ ಅದರ ಹದ ಹಿಡಿಯುವುದು ಕಷ್ಟ, ಕೆಳಗೆ ಬಿದ್ದರೆ ಗಾಜಿನಂತೆ ಒಡೆಯುವುದೂ ಉಂಟು. ಹೊಲದ ಕೆಲಸಕ್ಕೆ ನಾನು ಅದನ್ನು ಸೂಚಿಸುವುದಿಲ್ಲ.

ಉಕ್ಕು ಎಂಬ ಮಾತಿಗೆ ಬಂದಾಗ ಒಂದು ಸಂಗತಿ ನೆನಪಾಗುತ್ತದೆ. ಪಶ್ಚಿಮ ದೇಶಗಳಲ್ಲಿ ಲೋಹಶಾಸ್ತ್ರಜ್ಞರು ದಕ್ಷಿಣ ಭಾರತದ ಹಳೆಯ ಉಕ್ಕನ್ನು ವೂಟ್ಜ್ ಎಂದು ಕರೆಯುತ್ತಾರೆ. ಅದು ನಮ್ಮ ಉಕ್ಕು ಎಂಬ ಪದದ ಅಪಭ್ರಂಶವೆಂದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆ ಉಕ್ಕು ತಯಾರಾಗುತ್ತಿದ್ದ ಹೆಸರಾಂತ ಊರುಗಳಲ್ಲಿ ಒಂದಾದ ಕೋನಸಮುದ್ರಂ ಇರುವುದು ತೆಲಂಗಾಣದ ನಿಜಾಮಾಬಾದ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಎರಡೂ ಒಂದೇ ಹೈದರಾಬಾದ ರಾಜ್ಯದಲ್ಲಿದ್ದವು. ಅಲ್ಲಿಗೆ ಇರಾನಿನ ವ್ಯಾಪಾರಿಗಳು ಉಕ್ಕು ಕೊಳ್ಳಲು ಬರುತ್ತಿದ್ದರು. ಇಂದು ಅದೇ ಸೀಮೆಯ ರೈತ ಹದವಿಲ್ಲದ ಕತ್ತಿ ಹಿಡಿದು ಕೈ ಕೊಯ್ದುಕೊಳ್ಳುವುದು ಸರಿಯಲ್ಲ.

ಬಡಿಯುವ ಮತ್ತು ಹದಗೊಳಿಸುವ ಕ್ರಮ

ಇದು ಕಂಬಾರನ ಕೆಲಸ. ಆದರೂ ಮಾಡಿಸುವವನಿಗೆ ಕ್ರಮ ತಿಳಿದಿದ್ದರೆ ಪಕ್ಕದಲ್ಲಿ ನಿಂತು ಕೇಳಿ ಮಾಡಿಸಬಹುದು. ನಮ್ಮ ಊರಿನ ಕಂಬಾರರಾಗಲಿ, ಗಾಡಿ ಕಟ್ಟಿಕೊಂಡು ಬಂದು ರಸ್ತೆ ಬದಿ ಕುಲುಮೆ ಹೂಡುವ ಘಿಸಾಡಿಗಳಾಗಲಿ ಕೈಚಳಕದಲ್ಲಿ ಯಾರಿಗೂ ಕಡಿಮೆಯಲ್ಲ. ಕಮಾನುಪಟ್ಟಿಯಂತಹ ಹೊಸ ಬಗೆಯ ಉಕ್ಕಿನ ಗುಣ ಮಾತ್ರ ಹಳೆಯ ಪದ್ಧತಿಗೆ ಪೂರ್ತಿ ಒಗ್ಗುವುದಿಲ್ಲ. ಅಲ್ಲಿಯೇ ತೊಂದರೆ.

ಪಟ್ಟಿಯನ್ನು ಮೊದಲು ಕೆಂಪಗೆ ಕಾಯಿಸಿ ಒಣ ಬೂದಿಯಲ್ಲಿ ಹುಗಿದು ರಾತ್ರಿಯೆಲ್ಲ ಬಿಟ್ಟರೆ ಮೆದುವಾಗುತ್ತದೆ. ಮರುದಿನ ಕಾಯಿಸಿ ಬಡಿದು ಆಕಾರಕ್ಕೆ ತರಬೇಕು. ಉಕ್ಕಿನ ಬಣ್ಣ ಹೊಳೆಯುವ ಕೆಂಪು ಕಿತ್ತಳೆ ಇರುವಾಗ ಮಾತ್ರ ಸುತ್ತಿಗೆ ಬೀಳಬೇಕು. ಬಣ್ಣ ಕಪ್ಪುಗೆಂಪಿಗೆ ಇಳಿದ ಮೇಲೆ ಬಡಿದರೆ ಒಳಗೆ ಸೀಳು ಹುಟ್ಟುತ್ತದೆ. ಬಿಳಿಯಾಗಿ ಕಿಡಿ ಸಿಡಿಯುವಷ್ಟು ಕಾಯಿಸಿದರೆ ಉಕ್ಕು ಸುಟ್ಟುಹೋಯಿತೆಂದೇ ಲೆಕ್ಕ, ಆ ಭಾಗವನ್ನು ಕಡಿದು ಬಿಸಾಡಬೇಕು. ಬಡಿದು ಮುಗಿದ ಮೇಲೆ ಅಲಗನ್ನು ಕೆಂಪಗೆ ಕಾಯಿಸಿ ಗಾಳಿಯಲ್ಲಿ ತಾನಾಗಿ ಆರಲು ಬಿಡಬೇಕು. ಹೀಗೆ ಮೂರು ಸಲ. ಇದರಿಂದ ಬಡಿತದಲ್ಲಿ ಉಂಟಾದ ಬಿಗಿತ ಹೋಗಿ, ಅದ್ದುವಾಗ ಅಲಗು ಸೊಟ್ಟಗಾಗುವುದು ಕಡಿಮೆಯಾಗುತ್ತದೆ. ನಂತರ ಅರದಿಂದ ಬಾಯನ್ನು ತೆಳ್ಳಗೆ ಮಾಡಬೇಕು. ಪೂರ್ತಿ ಹರಿತ ಈಗಲೇ ಬೇಡ. ಬಾಯಿಯಲ್ಲಿ ಸುಮಾರು ಅರ್ಧ ಮಿ.ಮೀ. ದಪ್ಪ ಬಿಟ್ಟಿರಬೇಕು, ಇಲ್ಲವಾದರೆ ಅಷ್ಟು ತೆಳು ಅಂಚು ಬೆಂಕಿಯಲ್ಲಿ ಮೊದಲೇ ಸುಡುತ್ತದೆ.

ಈಗ ಗಟ್ಟಿ ಮಾಡುವ ಘಟ್ಟ. ಇದನ್ನು ಬಿಸಿಲಿನಲ್ಲಿ ಮಾಡಬಾರದು, ಬಣ್ಣ ತಿಳಿಯುವುದಿಲ್ಲ. ಸಂಜೆ ಅಥವಾ ನೆರಳಿನ ಕುಲುಮೆಯಲ್ಲಿ ಮಾಡಬೇಕು. ಅಲಗನ್ನು ಒಂದೇ ಸಮನೆ ಕೆಂಪಾಗುವಂತೆ ಕಾಯಿಸಿ, ಒಂದು ಅಯಸ್ಕಾಂತವನ್ನು ಮುಟ್ಟಿಸಿ ನೋಡಬೇಕು. ಸುಮಾರು 770 ಡಿಗ್ರಿ ಸೆಂಟಿಗ್ರೇಡಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವ ಗುಣವನ್ನು ಕಳೆದುಕೊಳ್ಳುತ್ತದೆ. ಅಂಟುವುದು ನಿಂತ ಮೇಲೆ ಇನ್ನೂ ಸ್ವಲ್ಪ ಕಾಯಿಸಿ, ಬಣ್ಣ ಒಂದು ಛಾಯೆ ಏರಿದೊಡನೆ ತೆಗೆದು ಅದ್ದಬೇಕು. ಹಳೆಯ ಧ್ವನಿವರ್ಧಕದಿಂದ ಕಿತ್ತ ಅಯಸ್ಕಾಂತ ಇದಕ್ಕೆ ಸಾಕು; ಬರೀ ಕಣ್ಣಂದಾಜಿಗಿಂತ ಇದು ಎಷ್ಟೋ ನಂಬಿಕೆಯ ವಿಧಾನ.

ಅದ್ದುವುದು ಯಾವುದರಲ್ಲಿ? ನಮ್ಮ ಕಂಬಾರರ ರೂಢಿ ನೀರು. ಬಾಯಿಯನ್ನು ಮಾತ್ರ ನೀರಿಗೆ ತಾಗಿಸಿ ತೆಗೆದು, ಬೆನ್ನಿನಲ್ಲಿ ಉಳಿದ ಕಾವು ಬಾಯಿಯ ಕಡೆಗೆ ಹರಿದು ಬಣ್ಣ ಬದಲಾಗುವುದನ್ನು ನೋಡಿ ಮತ್ತೆ ಅದ್ದುತ್ತಾರೆ. ದಪ್ಪ ಬೆನ್ನಿನ ದೊಡ್ಡ ಕೊಯ್ತಾಕ್ಕೆ, ಸಾದಾ ಉಕ್ಕಿಗೆ ಇದು ಸೊಗಸಾದ ವಿಧಾನ. ತೆಳ್ಳಗಿನ ಕಿರುಗತ್ತಿಯ ಬೆನ್ನಿನಲ್ಲಿ ಅಷ್ಟು ಕಾವು ಉಳಿಯುವುದೇ ಇಲ್ಲ. ಅದರ ಮೇಲೆ ಕಮಾನುಪಟ್ಟಿಯ ಉಕ್ಕಿನಲ್ಲಿ ಸಿಲಿಕಾನ್, ಮ್ಯಾಂಗನೀಸ್ ಮೊದಲಾದವು ಸೇರಿರುವುದರಿಂದ ಅದು ತಣ್ಣೀರಿನ ಹೊಡೆತವನ್ನು ತಾಳುವುದಿಲ್ಲ. ನಾನು ಮೊದಲ ಸಲ ಹೀಗೊಂದು ಕತ್ತಿ ಮಾಡಿಸಿದಾಗ ಅವಸರಪಟ್ಟು ನೀರಿಗೇ ಹಾಕಿಸಿದೆ. "ಟಿಣ್" ಎಂದು ಸಣ್ಣ ಸದ್ದು ಕೇಳಿಸಿತು. ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ. ಹಿಡಿ ಹಾಕಿಸಿ, ಸಾಣೆ ಹಿಡಿಸಿ, ಮೂರನೆಯ ಕಬ್ಬಿಗೆ ಮೂತಿಯಿಂದ ಎರಡು ಬೆರಳು ಅಗಲ ಮುರಿದು ಹಾರಿ ಮಡಿಲಲ್ಲಿ ಬಿತ್ತು. ಕಣ್ಣಿಗೆ ಬೀಳಲಿಲ್ಲವೆಂಬುದೇ ಪುಣ್ಯ. ಅಂದಿನಿಂದ ಆ ಸದ್ದು ಕೇಳಿದರೆ ಅಲಗನ್ನು ಅಲ್ಲಿಯೇ ಬಿಟ್ಟು ಎದ್ದು ಬರುತ್ತೇನೆ.

ಆದುದರಿಂದ ಎಣ್ಣೆ ಬಳಸಬೇಕು. ಮೂರು ನಾಲ್ಕು ಲೀಟರ್ ಶೇಂಗಾ ಎಣ್ಣೆ, ಕರಿದು ಉಳಿದದ್ದಾದರೂ ಸರಿ, ಆಳವಾದ ಕಬ್ಬಿಣದ ಡಬ್ಬಿಯಲ್ಲಿರಲಿ. ಎಣ್ಣೆಯನ್ನು ಬೆರಳು ತಾಳದಷ್ಟು, ಅಂದರೆ 50 ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳಬೇಕು. ಬೆಚ್ಚಗಿನ ಎಣ್ಣೆ ತೆಳುವಾಗಿ ಅಲಗಿನ ಕಾವನ್ನು ಬೇಗ ಹೀರುತ್ತದೆ. ಅಲಗನ್ನು ಬಾಯಿ ಕೆಳಗಾಗಿ ನೇರವಾಗಿ ಇಳಿಸಿ ಹಿಂದಕ್ಕೂ ಮುಂದಕ್ಕೂ ಆಡಿಸಬೇಕು; ಪಕ್ಕಕ್ಕೆ ಆಡಿಸಿದರೆ ಸೊಟ್ಟಗಾಗುತ್ತದೆ. ಇಂಜಿನ್ನಿನಿಂದ ತೆಗೆದ ಕರಿ ಎಣ್ಣೆಯನ್ನು ಬಳಸುವ ರೂಢಿ ಹಲವೆಡೆ ಇದೆ. ಅದರ ಹೊಗೆ ಕೆಟ್ಟದ್ದು, ಬಿಡುವುದು ಒಳ್ಳೆಯದು. ಎಣ್ಣೆಗೆ ಬೆಂಕಿ ಹತ್ತಬಹುದು. ಮುಚ್ಚಲು ತಗಡಿನ ಮುಚ್ಚಳ ಪಕ್ಕದಲ್ಲೇ ಇರಬೇಕು. ಹತ್ತಿದ ಎಣ್ಣೆಗೆ ನೀರು ಎರಚಬಾರದು. ಪ್ಲಾಸ್ಟಿಕ್ ಬಕೆಟ್ಟು ಹತ್ತಿರವೂ ಸುಳಿಯಬಾರದು.

ಎಣ್ಣೆಯಿಂದ ತೆಗೆದ ಅಲಗು ಗಟ್ಟಿಯಾಗಿದ್ದರೂ ಪೆಡಸಾಗಿರುತ್ತದೆ. ಅದನ್ನು ತಡಮಾಡದೆ ಹದಕ್ಕೆ ಇಳಿಸಬೇಕು. ಒಂದು ಮಗ್ಗುಲನ್ನು ಇಟ್ಟಿಗೆ ಚೂರಿನಿಂದ ತಿಕ್ಕಿ ಬೆಳ್ಳಗೆ ಹೊಳೆಯಿಸಿ, ಕೆಂಪಗೆ ಕಾಯಿಸಿದ ದಪ್ಪ ಕಬ್ಬಿಣದ ಗಟ್ಟಿಯ ಮೇಲೆ ಬೆನ್ನು ತಾಗುವಂತೆ ಇಟ್ಟರೆ, ಬೆನ್ನಿನಿಂದ ಬಾಯಿಯ ಕಡೆಗೆ ಬಣ್ಣಗಳು ಹರಿಯುತ್ತವೆ. ಮೊದಲು ಒಣ ಹುಲ್ಲಿನ ತಿಳಿ ಹಳದಿ, ಅದು 220 ರಿಂದ 230 ಡಿಗ್ರಿ. ಆಮೇಲೆ ಕಂದು, 250 ರಿಂದ 260. ಮುಂದೆ ನೇರಳೆ, 270 ರಿಂದ 280. ಕೊನೆಗೆ ನೀಲಿ, 290ರ ಮೇಲೆ. ಕಿರುಗತ್ತಿಯ ಬಾಯಿಗೆ ಹಳದಿ ದಾಟಿ ಕಂದು ಬರುತ್ತಿದ್ದಂತೆ ನಿಲ್ಲಿಸಿ ಎಣ್ಣೆಗೆ ಅದ್ದಬೇಕು. ಕಡಿಯುವ ದೊಡ್ಡ ಕೊಯ್ತಾಕ್ಕಾದರೆ ನೇರಳೆ, ನೀಲಿಯವರೆಗೂ ಬಿಡಬೇಕು. ಪೆಟ್ಟು ತಿನ್ನುವ ಆಯುಧ ಸ್ವಲ್ಪ ಮೆದುವಿರಬೇಕು, ಪೆಟ್ಟು ತಿನ್ನದ ಆಯುಧ ಸ್ವಲ್ಪ ಗಟ್ಟಿಯಿರಬೇಕು. ದೊಡ್ಡದರ ಹದವನ್ನೇ ಚಿಕ್ಕದಕ್ಕೆ ಕೊಟ್ಟರೆ ಅದರ ಬಾಯಿ ಮಧ್ಯಾಹ್ನದೊಳಗೆ ಮೊಂಡಾಗುತ್ತದೆ.

ಹದ ಸರಿಯಾಗಿದೆಯೇ ಎಂದು ನೋಡಲು ಸಾಣೆ ಹಿಡಿಸಿದ ಬಾಯಿಯನ್ನು ಒಂದು ಹಿತ್ತಾಳೆ ಸರಳಿನ ಮೇಲೆ ಓರೆಯಾಗಿ ಒತ್ತಿ ಎಳೆಯಬೇಕು. ಅಂಚು ತುಸು ಬಾಗಿ ಮತ್ತೆ ನೇರವಾದರೆ ಹದ ಸರಿ. ಬಾಗಿದ್ದು ಬಾಗಿಯೇ ಉಳಿದರೆ ಮೆದುವಾಯಿತು. ಚಕ್ಕೆ ಎದ್ದರೆ ಪೆಡಸು. ಇನ್ನೊಮ್ಮೆ ಕಾವು ಕೊಟ್ಟು ಒಂದು ಬಣ್ಣ ಮುಂದಕ್ಕೆ ಬಿಡಬೇಕು.

ಹಿಡಿ

ಹಿಡಿಯ ಉದ್ದ 11 ರಿಂದ 12 ಸೆಂ.ಮೀ.ಗೆ ಕಡಿಮೆಯಾಗಬಾರದು. ನಾಲ್ಕು ಬೆರಳೂ ಒಳಗೆ ಕೂಡಬೇಕು. ದಪ್ಪ 3 ರಿಂದ 3.5 ಸೆಂ.ಮೀ. ಇರಲಿ, ಹೆಂಗಸರ ಕೈಗೆ 3 ಸಾಕು. ಗುಂಡಗಿನ ಹಿಡಿ ಬೆವರಿದ ಕೈಯಲ್ಲಿ ತಿರುಗುತ್ತದೆ, ಮೊಟ್ಟೆಯಾಕಾರದ ಹಿಡಿ ತಿರುಗುವುದಿಲ್ಲ; ಬಾಯಿ ಎತ್ತ ಇದೆಯೆಂದು ನೋಡದೆಯೇ ಕೈಗೆ ತಿಳಿಯುತ್ತದೆ. ಹಿಂದಿನ ತುದಿಯಲ್ಲಿ ಕಿರುಬೆರಳಿಗೆ ತಡೆಯಾಗಿ ಒಂದು ಕೊಕ್ಕೆ ಬಿಟ್ಟರೆ ಎಳೆಯುವಾಗ ಜಾರುವುದಿಲ್ಲ. ಜಾಲಿ ಮರ ಇದಕ್ಕೆ ಒಳ್ಳೆಯದು, ಚೆನ್ನಾಗಿ ಒಣಗಿರಬೇಕು. ಅಲಗಿನ ಬಾಲ ಹಿಡಿಯ ಮೂರರಲ್ಲಿ ಎರಡು ಪಾಲಿನವರೆಗೆ ಒಳಗೆ ಹೋಗಿರಬೇಕು. ಎರಡು ರಿವೆಟ್ಟು, ಮುಂದೆ ಪೈಪಿನ ತುಂಡಿನದೊಂದು ಉಂಗುರ. ಹಿಡಿ ಹಾಕಿಸುವ ದಿನ ಯಾರು ಬಳಸುವರೋ ಅವರನ್ನೇ ಕರೆದುಕೊಂಡು ಹೋಗಬೇಕು. ಮನೆಯಾಕೆ ಬಳಸುವ ಕತ್ತಿಗೆ ಯಜಮಾನ ತನ್ನ ಕೈಯಳತೆ ಕೊಟ್ಟು ಬಂದುದನ್ನು ಬಹಳ ಕಡೆ ನೋಡಿದ್ದೇನೆ.

ಮರಾಠವಾಡಾದ ಕಡೆಯಿಂದ ಬರುವ ಕಬ್ಬು ಕಡಿಯುವ ತಂಡಗಳ ಲೆಕ್ಕದಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ "ಒಂದು ಕೊಯ್ತಾ". ಮುಂಗಡ ಕೊಡುವುದೂ ಕೊಯ್ತಾದ ಲೆಕ್ಕದಲ್ಲಿಯೇ. ಸಾಮಾನ್ಯವಾಗಿ ಗಂಡ ಕಡಿಯುತ್ತಾನೆ. ಹೆಂಡತಿ ರವದಿ ಸುಲಿದು, ಹೊರೆ ಕಟ್ಟಿ, ಹೊರುತ್ತಾಳೆ. ಇಬ್ಬರ ದುಡಿಮೆಗೆ ಹೆಸರು ಬಿದ್ದಿರುವ ಆಯುಧ ಒಬ್ಬರ ಕೈಗೆ ಮಾತ್ರ ಅಳತೆ ಮಾಡಿದ್ದು ಎಂಬುದು ನನಗೆ ಯಾವಾಗಲೂ ಚುಚ್ಚುವ ಸಂಗತಿ. ಸೋಗೆ ಸವರಲು ಅವಳಿಗೊಂದು ಹಗುರ ಕತ್ತಿ ಕೊಟ್ಟರೆ ಸಾಲದು, ಸರಿ. ಆದರೆ ಅಷ್ಟಾದರೂ ಕೊಡಬಹುದು.

ಬೀಜದ ಕಬ್ಬಿಗೆ ಎರಡು ಕತ್ತಿ

ಕಬ್ಬಿನ ಕಟಾವಿಗೆ ದೊಡ್ಡ ಕೊಯ್ತಾವೇ ಬೇಕು. ಕಬ್ಬನ್ನು ನೆಲಮಟ್ಟಕ್ಕೆ ಕಡಿಯಬೇಕು, ಏಕೆಂದರೆ ಬುಡದ ಭಾಗದಲ್ಲಿ ಸಕ್ಕರೆ ಅಂಶ ಹೆಚ್ಚು, ಕೂಳೆ ಬೆಳೆ ಚಿಗುರುವುದಕ್ಕೂ ಅದೇ ಒಳ್ಳೆಯದು. ಆ ಕೆಲಸ ತೂಕದ್ದು. ಕಿರುಗತ್ತಿಯ ಕೆಲಸ ಆರಂಭವಾಗುವುದು ಬೀಜದ ಕಬ್ಬು ಹೊಲದ ಬದುವಿಗೆ ಬಂದ ಮೇಲೆ.

ಕಬ್ಬನ್ನು ಮರದ ಹಲಗೆಯ ಮೇಲಿಟ್ಟು, ಎಡಗೈಯನ್ನು ಕೊಯ್ಯುವ ಜಾಗದಿಂದ ಕನಿಷ್ಠ ಒಂದು ಗೇಣು ದೂರ ಹಿಡಿದು, ಕಣ್ಣುಗಳು ಮೇಲೂ ಕೆಳಗೂ ಬಾರದೆ ಪಕ್ಕಕ್ಕೆ ಬರುವಂತೆ ತಿರುಗಿಸಿ, ಗಣಿಕೆಗಳ ನಡುವೆ ಕತ್ತಿ ಇಟ್ಟು ಒತ್ತಿ ಎಳೆಯಬೇಕು. ಕೊಯ್ತ ಕನ್ನಡಿಯಂತೆ ಸಪಾಟಾಗಿರಬೇಕು. ತುದಿ ಸೀಳಿದ ತುಂಡಿನೊಳಗೆ ಮಣ್ಣಿನ ರೋಗಾಣುಗಳು ನುಗ್ಗಿ ಕೊಳೆಯುತ್ತದೆ. ಒಳಗೆ ಕೆಂಪು ಬಣ್ಣ ಕಂಡ ಕಬ್ಬನ್ನು ಬೀಜಕ್ಕೆ ಬಳಸದೆ ಸುಡಬೇಕು.

ಎರಡು ಕತ್ತಿ ಬೇಕೆಂದದ್ದು ಇಲ್ಲಿಗೆ. ಕೂಳೆ ಬೆಳೆಯನ್ನು ಗಿಡ್ಡಾಗಿಸುವ ಒಂದು ದುಂಡಾಣು ರೋಗವಿದೆ. ಅದು ಹರಡುವ ಮುಖ್ಯ ದಾರಿಗಳಲ್ಲಿ ಕತ್ತಿಯ ಬಾಯಿಯೂ ಒಂದು. ರೋಗದ ಕಬ್ಬನ್ನು ಕೊಯ್ದ ಕತ್ತಿಗೆ ಅಂಟಿದ ರಸ ಮುಂದಿನ ಒಳ್ಳೆಯ ಕಬ್ಬಿಗೂ ರೋಗ ಮುಟ್ಟಿಸುತ್ತದೆ. ರೋಗ ತಗಲಿದ ಕಬ್ಬು ಹೊರಗೆ ನೋಡಲು ಚೆನ್ನಾಗಿಯೇ ಇರುವುದರಿಂದ ಆರಿಸಿ ತೆಗೆಯುವುದೂ ಆಗದು. ಒಂದು ಬಕೆಟ್ಟಿನಲ್ಲಿ ಲೈಸಾಲಿನಂತಹ ಸೋಂಕುನಾಶಕದ ದ್ರಾವಣವನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಮಾಡಿಟ್ಟು, ಒಂದು ಕತ್ತಿ ಅದರಲ್ಲಿ ನೆನೆಯುತ್ತಿರುವಾಗ ಇನ್ನೊಂದರಿಂದ ಕೆಲಸ ಮಾಡಬೇಕು. ಕನಿಷ್ಠ 5 ನಿಮಿಷ ನೆಂದ ಮೇಲೆ ಅದಲುಬದಲು. ದೊಡ್ಡ ಕೊಯ್ತಾವನ್ನು ಒಬ್ಬರಿಗೆ ಎರಡೆರಡು ಕೊಡಿಸುವವರು ಯಾರೂ ಇಲ್ಲ. ಒಂದು ಹಳೆಯ ಕೊಯ್ತಾದಿಂದ ಹುಟ್ಟಿದ ಜೋಡಿ ಕಿರುಗತ್ತಿ ಇದ್ದರೆ ಇದು ಸಾಧ್ಯ. ಸಂಜೆ ಎರಡನ್ನೂ ತೊಳೆದು ಒರೆಸಿ ಎಣ್ಣೆ ಕೈ ಆಡಿಸಲು ಮರೆಯಬಾರದು.

ಔರಾದ ಕಡೆಯ ಕೆಲಸಗಳಿಗೆ

ಔರಾದ ತಾಲ್ಲೂಕಿನ ಮಳೆಯಾಶ್ರಿತ ಕಪ್ಪು ಭೂಮಿಯಲ್ಲಿ ಸೋಯಾ, ಹೆಸರು, ಉದ್ದು, ತೊಗರಿ ಮುಖ್ಯ. ಇಲ್ಲಿ ಮಾಡಿಸಬೇಕಾದದ್ದು ಕುಡುಗೋಲಿನ ಜಾತಿಯ ಕಿರುಗತ್ತಿ: ಅಲಗು 2.5 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪ, ಸ್ವಲ್ಪ ಒಳಬಾಗು. ಸೋಯಾ ಗಿಡವನ್ನು ಕೀಳದೆ ನೆಲಮಟ್ಟಕ್ಕೆ ಕೊಯ್ದರೆ ಬೇರುಗಂಟುಗಳು ಮಣ್ಣಿನಲ್ಲಿಯೇ ಉಳಿಯುತ್ತವೆ, ರಾಶಿಯಲ್ಲಿ ಮಣ್ಣೂ ಸೇರುವುದಿಲ್ಲ. ಹಲ್ಲುಳ್ಳ ಕುಡುಗೋಲುಗಳೂ ಬಂದಿವೆ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯ ನವೀನ್ ಕುಡುಗೋಲು ಅಂತಹದು. ಅದರ ಹಿಡಿಯನ್ನು ಬೆರಳು ನೆಲಕ್ಕೆ ಉಜ್ಜದಂತೆ ಬಾಗಿಸಿದ್ದಾರೆ. ಹಲ್ಲು ಸವೆದ ಮೇಲೆ ನಮ್ಮ ಹಳ್ಳಿಯ ಕುಲುಮೆಯಲ್ಲಿ ಅದನ್ನು ಮತ್ತೆ ಹರಿತಗೊಳಿಸುವುದು ಕಷ್ಟವೆಂಬುದೊಂದೇ ಕೊರತೆ. ಹಿಡಿಯ ಆ ಬಾಗನ್ನು ನಮ್ಮ ಕಿರುಗತ್ತಿಗೂ ಎರವಲು ಪಡೆಯಬಹುದು.

ತೊಗರಿಯ ಕುಡಿ ಚಿವುಟುವುದಕ್ಕೆ, ಸುಮಾರು 50 ದಿನಗಳ ಬೆಳೆಯಲ್ಲಿ, ಇದೇ ಕತ್ತಿ ಸಾಕು. ಬಲಿತ ತೊಗರಿ ಕಟ್ಟಿಗೆಗೆ ಮಾತ್ರ ಇದನ್ನು ಹಚ್ಚಬಾರದು, ಬಾಯಿ ಹೋಗುತ್ತದೆ; ಅದಕ್ಕೆ ಕೊಯ್ತಾವೇ ಸರಿ. ದೇವಣಿ ದನಗಳಿಗೆ ಕಣಿಕೆ ಕೊಚ್ಚುವ ಕೆಲಸಕ್ಕೂ ಕಿರುಗತ್ತಿ ಆಗದು, ಕೊಯ್ತಾವೂ ಆಗಬಾರದು. ಕೈಯಿಂದ ತಿರುಗಿಸುವ ಮೇವು ಕತ್ತರಿಸುವ ಯಂತ್ರ ಇದ್ದರೆ ಬೆರಳುಗಳು ಉಳಿಯುತ್ತವೆ, ಅದರ ಬಾಯಿಗೆ ಕೈ ಹಾಕದಿದ್ದರೆ.

ಸಾಣೆ ಮತ್ತು ಜೋಪಾಸನೆ

ಚೆನ್ನಾಗಿ ಹದ ಹಾಕಿದ ಕತ್ತಿಯನ್ನು ಕೆಡಿಸುವುದು ಬಹುಮಟ್ಟಿಗೆ ವಿದ್ಯುತ್ ಸಾಣೆ. ಸಂತೆಯಲ್ಲಿ ಒಂದೇ ಸಮನೆ ಒತ್ತಿ ಹಿಡಿದು ಕಿಡಿ ಹಾರಿಸಿದಾಗ ತೆಳು ಬಾಯಿ ಕ್ಷಣದಲ್ಲಿ ಕಾಯುತ್ತದೆ. ಅಂಚಿನಲ್ಲಿ ನೀಲಿ ಬಣ್ಣ ಕಂಡಿತೆಂದರೆ ಆ ಜಾಗದ ಹದ ಹೋಯಿತು. ಮತ್ತೆ ಕುಲುಮೆಗೇ ಹೋಗಬೇಕು. ಸಾಣೆಗೆ ಕೊಡುವಾಗ ಪಕ್ಕದಲ್ಲಿ ನೀರಿನ ಡಬ್ಬಿ ಇಡಿಸಿ, ಎರಡೆಳೆತಕ್ಕೊಮ್ಮೆ ಅದ್ದಿಸಬೇಕು. ಕಿರುಗತ್ತಿಗೆ ಮನೆಯ ನೀರುಗಲ್ಲೇ ಉತ್ತಮ. ದಿನಕ್ಕೊಮ್ಮೆ, ಎರಡೂ ಮಗ್ಗುಲಿಗೆ ಹತ್ತು ಹತ್ತು ಎಳೆತ ಸಾಕು.

ಕತ್ತಿಗೆ ಹಳೆಯ ಟೈರಿನ ಟ್ಯೂಬಿನದೊಂದು ಒರೆ ಮಾಡಿಕೊಳ್ಳಬೇಕು. ದೊಡ್ಡ ಕೊಯ್ತಾ ಬಗಲಲ್ಲಿದ್ದರೆ ದಾರಿಯವರು ದೂರ ಸರಿಯುತ್ತಾರೆ. ಚಿಕ್ಕದು ಚೀಲದಲ್ಲಿದ್ದರೆ ಯಾರಿಗೂ ಕಾಣುವುದಿಲ್ಲ, ಕೈ ಹಾಕಿದ ಮಗುವಿಗೂ ಕಾಣುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ನಿಯಮಗಳು ವ್ಯವಸಾಯಕ್ಕೂ ಮನೆಗೆಲಸಕ್ಕೂ ಮಾಡಿದ ಕತ್ತಿಗಳನ್ನು ಆಯುಧಗಳ ಪಟ್ಟಿಯಿಂದ ಹೊರಗಿಟ್ಟಿವೆ. ಆದರೂ ಬಸ್ಸಿನಲ್ಲಿ ಒಯ್ಯುವಾಗ ಒರೆಯಲ್ಲಿಟ್ಟು ಕಟ್ಟಿಕೊಂಡು ಹೋಗುವುದು ಲೇಸು.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು. ಆಯದ ಕಾಳು ಅಳೆಸಿಕೊಂಡು ವರ್ಷವಿಡೀ ಆಯುಧ ಸರಿಮಾಡಿಕೊಡುತ್ತಿದ್ದ ಕಂಬಾರ ಮನೆತನಗಳು ಎಷ್ಟೋ ಹಳ್ಳಿಗಳಲ್ಲಿ ಕುಲುಮೆ ಆರಿಸಿವೆ. ಉಳಿದವರನ್ನು ಗುರುತಿಸಿ, ಮೇಲಿನ ಅಳತೆಯ ಒಂದು ತಗಡಿನ ಮಾದರಿಯನ್ನು ಕತ್ತರಿಸಿ ಅವರ ಕುಲುಮೆಯಲ್ಲಿ ತೂಗುಹಾಕಿರಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಸೇರಿಸಲಾದ 18 ಕಸುಬುಗಳಲ್ಲಿ ಕಂಬಾರಿಕೆಯೂ ಒಂದು. ತರಬೇತಿಯ ಜೊತೆಗೆ ಸಲಕರಣೆಗಳಿಗಾಗಿ 15,000 ರೂಪಾಯಿಗಳವರೆಗೆ ನೆರವನ್ನು ಅದರಲ್ಲಿ ಗೊತ್ತುಪಡಿಸಲಾಗಿದೆ. ಅರ್ಜಿ ತುಂಬಿಸಿಕೊಡಲು ಅರ್ಧ ಗಂಟೆ ಸಾಕು.

ಕತ್ತಿ ಮಾಡಿಸಲು ರೋಹಿಣಿ, ಮೃಗಶಿರಾ ಮಳೆಗಳ ಹೊತ್ತಿಗೆ ಹೋಗಬೇಡಿ. ಆಗ ಕಂಬಾರನ ಮುಂದೆ ಕುಂಟೆಯ ಕುಡಗಳೂ ಕೂರಿಗೆಯ ತಾಳುಗಳೂ ರಾಶಿ ಬಿದ್ದಿರುತ್ತವೆ, ಹದ ನೋಡುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಹೆಸರು, ಉದ್ದಿನ ರಾಶಿ ಮುಗಿದು ಕಬ್ಬಿನ ಹಂಗಾಮು ಇನ್ನೂ ತೆರೆಯದಿರುವಾಗ, ಹಳೆಯ ಕೊಯ್ತಾ, ಮಡಚಿದ ಪೋಸ್ಟ್‌ಕಾರ್ಡು, ಒಂದು ಡಬ್ಬಿ ಎಣ್ಣೆ ತೆಗೆದುಕೊಂಡು ಸಂಜೆಯ ಹೊತ್ತಿಗೆ ಹೋಗಿ.